ಸಭೆಯಲ್ಲಿ ತುಂಬಿದ ಉಡಿ

ಹಾಳಾದ ಸಭೆ, ಬೆಳಿಗ್ಗೆ ಎಂದಿದ್ದರು. ಬಿಸಿಲು ನೆತ್ತಿಗೇರಿದರೂ ಶುರುವಾಗಲಿಲ್ಲ. ಗಂಗಾವತಿಯ ನಮ್ಮ ಹಳೇ ಕಾಯಿಪಲ್ಯೆ ಮಾರ್ಕೆಟ್ಟು ಕೆಡವಿ ನಗರಸಭೆಯವರು ಎರಡಂತಸ್ತಿನ ಹೊಸದು ಕಟ್ಟುತ್ತಾರಂತೆ, ಅದಕ್ಕೆ ನಮ್ಮ ಅಭಿಪ್ರಾಯ ಬೇಕಂತೆ. ಕೆಳಗೆಲ್ಲ ಬಾಡಿಗೆ ಅಂಗಡಿಗಳು; ನೆಲದ ಮೇಲೆ ಕೂತು ಮಾರುವ ನಾವು ಮೇಲಂತಸ್ತಿಗೆ. ಒಂದು ಸೂಡು ಪುಂಡಿಪಲ್ಯೆಗಾಗಿ ಮೆಟ್ಟಿಲು ಹತ್ತಿ ಬರುವ ಪುಣ್ಯಾತ್ಮರು ಯಾರಿದ್ದಾರೆ? ಮೇಲೆ ಹೋದರೆ ನಮ್ಮ ವ್ಯಾಪಾರ ಮುಗಿದ ಹಾಗೆಯೇ.

ಹಿಂದಿನ ದಿನವೇ ಹೆಂಗಸರೆಲ್ಲ ಕೂಡಿ ಮಾತು ಗಟ್ಟಿ ಮಾಡಿಕೊಂಡಿದ್ದೆವು. ಅವರ ಚಹಾ ಕುಡಿಯುವುದಿಲ್ಲ, ಹಾರ ಹಾಕಿಸಿಕೊಳ್ಳುವುದಿಲ್ಲ. ನಮ್ಮತ್ತೆ ಕರಿಯವ್ವ ಎದ್ದು ನಿಂತು, ನೆಲದ ಜಾಗ ಬಿಡುವುದಿಲ್ಲ ಎಂದು ಹೇಳಬೇಕು. ಅತ್ತೆಯ ಬಾಯಿಗೆ ಇಡೀ ಮಾರ್ಕೆಟ್ಟೇ ಹೆದರುತ್ತದೆ, ಸೊಸೆಯಾಗಿ ಬಂದಾಗಿನಿಂದ ನಾನೂ ಹೆದರಿದ್ದೇನೆ. ಅವತ್ತು ಮಾತ್ರ ಆ ಬಾಯೇ ನಮಗೆಲ್ಲ ಆಸರೆ.

ನಮ್ಮನ್ನು ಒಪ್ಪಿಸಲು ಬಂದಿದ್ದವಳು ನೇತ್ರಾವತಿ ಎಂಬ ನಗರಸಭೆಯ ಮೇಡಂ. ಚಹಾ ತರಿಸಲಿಲ್ಲ, ಹಾರ ತರಿಸಲಿಲ್ಲ. ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ತುಂಬಿದ ಬುಟ್ಟಿ ತರಿಸಿದಳು. ಮೊದಲು ಹಿರಿಯರಿಗೆ ಉಡಿ ತುಂಬುತ್ತೇನೆ ಎಂದು ಸೀದಾ ನಮ್ಮತ್ತೆಯ ಮುಂದೆ ನಿಂತಳು. ಮಾವ ತೀರಿಹೋದ ಮೇಲೆ ಅತ್ತೆಯ ಸೆರಗಿಗೆ ಯಾರೂ ಒಂದು ಕಾಳು ಅಕ್ಕಿ ಹಾಕಿರಲಿಲ್ಲ, ತವರಿನವರು ಕೂಡ. ಮೇಡಂ ಗೌರವಕ್ಕೆ ಮಾಡಿದಳೋ, ಲೆಕ್ಕ ಹಾಕಿ ಮಾಡಿದಳೋ, ದೇವರಿಗೇ ಗೊತ್ತು. ಅತ್ತೆ ಸೆರಗೊಡ್ಡಿದಳು, ಒಡ್ಡಿ ಅತ್ತುಬಿಟ್ಟಳು.

ನನಗೆ ಸಿಟ್ಟೂ ಬಂತು, ಕರುಳೂ ಚುರ್ ಎಂದಿತು. ಉಡಿ ತುಂಬಿಸಿಕೊಂಡವಳು ತುಂಬಿದವಳಿಗೆ ಎದುರಾಡುವುದು ನಮ್ಮಲ್ಲಿಲ್ಲ. ಆದರೂ ಮಾತಾಡು ಎಂದು ಅತ್ತೆಯನ್ನು ಮೊಣಕೈಯಿಂದ ತಿವಿದೆ.

"ಉಡಿಯಾಗ ಅಕ್ಕಿ ಇಟಗೊಂಡು ಒಲ್ಲೆ ಅಂತ ಹ್ಯಾಂಗ ಅನ್ನಲಿ, ಲಲಿತಾ?" ಎಂದಳು ಮೆಲ್ಲಗೆ.

ಅತ್ತೆಯೇ ಸೆರಗೊಡ್ಡಿದ ಮೇಲೆ ಉಳಿದವರದೇನು? ಉಳ್ಳಾಗಡ್ಡಿ ಮಾರುವ ಮಾರೆವ್ವ ಒಡ್ಡಿದಳು, ಅವಳ ಪಕ್ಕದವಳೂ ಒಡ್ಡಿದಳು, ಸಾಲು ಹಾಗೇ ಸರಿಯುತ್ತ ನನ್ನ ಹತ್ತಿರ ಬಂತು. ಬೇಡ ಎನ್ನಲು ಬಾಯಿ ತೆರೆದೆ, ಗಂಡನ ನೆನಪಾಯಿತು. ಮುತ್ತೈದೆ ಉಡಿ ಒಲ್ಲೆ ಎಂದರೆ ಅದರ ಕೇಡು ಗಂಡನಿಗೆ. ನನ್ನ ಗಂಡ ತಿರುಮಲೇಶ ನಸುಕಿನಲ್ಲೇ ಅಕ್ಕಿಲೋಡು ಹಾಕಿಕೊಂಡು ಹುಬ್ಬಳ್ಳಿಗೆ ಗಾಡಿ ಹೊಡೆದಿದ್ದ, ಆಗಿನಿಂದ ಎಷ್ಟು ಮಾಡಿದರೂ ಫೋನು ಹತ್ತಿರಲಿಲ್ಲ. ಸೆರಗೊಡ್ಡಿದರೆ ಜಾಗದ ಪರ ಮಾತಾಡಲು ಒಬ್ಬಳೂ ಉಳಿಯುವುದಿಲ್ಲ. ಒಡ್ಡದಿದ್ದರೆ... ಥೂ, ಅದನ್ನು ಮನಸ್ಸಿನಲ್ಲೂ ಅನ್ನಬಾರದು. ಮೇಡಂ ಬೊಗಸೆಯಲ್ಲಿ ಅಕ್ಕಿ ಹಿಡಿದು ನಿಂತೇ ಇದ್ದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು.

ಅತ್ತೆ ಆ ಕೈ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ತನ್ನ ತುಂಬಿದ ಸೆರಗನ್ನೇ ಮುಂದೆ ಚಾಚಿದಳು.

"ಆಕಿದೂ ನನ್ನ ಉಡಿಯಾಗ ಹಾಕ್ರಿ ಮೇಡಂ," ಎಂದಳು. "ನನ್ನ ಮಗನ ಸಲುವಾಗಿ ನಾ ಇಸಗೋತೀನಿ. ಆಕಿ ಮಾತಾಡ್ಲಿ."

ಅಕ್ಕಿ ಅತ್ತೆಯ ಸೆರಗಿಗೆ ಬಿತ್ತು. ನಾನು ಎದ್ದು ನಿಂತೆ.