ಡಾಕ್ಟರ ಕೋಟಿನ ಜೇಬು

"ಕೋಳಿ ತಂದಿದೀಯಲ್ಲೇ, ನಾನೇನ್ ಕೋಳಿ ಡಾಕ್ಟ್ರಾ?" ಎಂದು ಡಾಕ್ಟರ್ ದ್ರಾಗೊಮಿರ್ ವಾರ್ಡಿಗೆಲ್ಲ ಕೇಳುವಂತೆ ಅಂದ. ನರ್ಸುಗಳು ಕಿಸಕ್ಕೆಂದರು. ಸೊಂಟದ ಮೂಳೆ ಮುರಿದುಕೊಂಡು ಒಂಬತ್ತು ದಿನದಿಂದ ಮಲಗಿದ್ದ ಮುದುಕಿ ಸವೆತಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕೋಳಿ ಅವಳ ಹಿತ್ತಲಿನದೇ. ಪುಕ್ಕ ಕಿತ್ತು, ಬಿಳಿ ಬಟ್ಟೆಯಲ್ಲಿ ಸುತ್ತಿ ಡಾಕ್ಟರಿಗೆಂದು ತಂದವಳು ಮಗಳು ವೆತೂರಿಯ.

ರೊಮೇನಿಯಾದ ಕಾನೂನಿನಲ್ಲಿ ಮುರಿದ ಮೂಳೆಯ ಆಪರೇಷನ್ನು ಬಿಟ್ಟಿ. ಆದರೆ ಆ ಆಸ್ಪತ್ರೆಯಲ್ಲಿ ಬಿಳಿ ಕೋಟಿನ ಜೇಬಿಗೆ ದುಡ್ಡಿನ ಲಕೋಟೆ ಬೀಳದೆ ಯಾರ ಸರದಿಯೂ ಬರುತ್ತಿರಲಿಲ್ಲ. ಡಾಕ್ಟರ್ ಮಂಚದ ಪಕ್ಕ ಬಂದು ನಿಂತು ಸೂರು ನೋಡುತ್ತಿದ್ದ. ಅಷ್ಟರಲ್ಲಿ ಮನೆಯವರು ತುರುಕಿಬಿಡಬೇಕು. ಎಂಥ ಮರ್ಯಾದಸ್ಥ ಕಳ್ಳತನ!

"ಹದಿನಾಲ್ಕು ವರ್ಸದಿಂದ ನಿಮ್ ಕೋಟು ಒಗೀತಿವ್ನಿ ಡಾಕ್ಟ್ರೇ," ಎಂದಳು ವೆತೂರಿಯ. "ಅವ್ವನ್ ಬೆನ್ನು ಹುಣ್ಣಾಗೈತೆ."

"ಒಗೆಯೋಕೆ ಸಂಬಳ ತಗೊಳಲ್ವಾ? ಹಿಂಗೇ ಹಲ್ ಕಿರ್ಕೊಂಡ್ ನಿಂತಿರು, ಮುದುಕಿ ಇಲ್ಲೇ ಕೊಳೀತಾಳೆ."

ವೆತೂರಿಯ ಕೆಳಗಿನ ಒಗೆಯುವ ಕೋಣೆಗೆ ಇಳಿದಳು. ಇಸ್ತ್ರಿಯಾದ ಕೋಟುಗಳು ಸಾಲಾಗಿ ತೂಗುತ್ತಿದ್ದವು. ಹಾಸಿಗೆ ಬಟ್ಟೆ ಹೊಲಿಯುವ ದಪ್ಪ ಸೂಜಿಗೆ ಜೋಡಿ ದಾರ ಪೋಣಿಸಿ ಒಂದೊಂದೇ ಜೇಬಿನ ಬಾಯಿ ಹೊಲಿದಳು. ಕೆಲಸ ಹೋಗುತ್ತೆ ಕಣೇ ಎಂದು ಜೊತೆಯವಳು ಗೋಗರೆದಳು. ಹೋಗಲಿ ಎಂದು ಇವಳು ಹಲ್ಲಿನಿಂದ ದಾರ ಕಡಿದಳು.

ಮರುದಿನ ಬೆಳಗಿನ ಸುತ್ತಿನಲ್ಲಿ ದ್ರಾಗೊಮಿರ್ ಪಕ್ಕದ ಮಂಚದ ಬಳಿ ನಿಂತು ಸೂರು ನೋಡಿದ. ಹೆಂಡತಿಯನ್ನು ಕರೆತಂದಿದ್ದ ಹಳ್ಳಿಯ ಮುದುಕನೊಬ್ಬ ಅವನ ಜೇಬಿಗೆ ಲಕೋಟೆ ತುರುಕಿದ. ಅದು ಜಾರಿ ನೆಲಕ್ಕೆ ಬಿತ್ತು. ಎತ್ತಿ ಮತ್ತೆ ತುರುಕಿದ, ಮತ್ತೆ ಬಿತ್ತು. ಡಾಕ್ಟರ್ ಜೇಬು ತಡವಿಕೊಂಡ. ವಾರ್ಡಿನವರೆಲ್ಲ ನೋಡುತ್ತಿದ್ದರು. ಅವನ ಕಿವಿಯವರೆಗೂ ಕೆಂಪೇರಿತು.

"ಯಾವಳೇ ಇದನ್ ಹೊಲ್ದೋಳು? ಬಿಚ್ಚೇ ಬೋಳಿ!"

"ನಾನೇ," ಎಂದಳು ಬಾಗಿಲಲ್ಲಿದ್ದ ವೆತೂರಿಯ. "ಬಿಚ್ಚಾಕಿಲ್ಲ."

ಈ ಗಳಿಗೆಯಿಂದಲೇ ನಿನಗೆ ಕೆಲಸವಿಲ್ಲ ಎಂದು ಅವನು ಕೂಗಾಡಿದ. ಅವಳು ಅವನನ್ನು ದಾಟಿಕೊಂಡು ಹೋಗಿ, ಅವ್ವನ ಮಂಚದ ಗಾಲಿಯ ತಡೆಯನ್ನು ಕಾಲಿನಿಂದ ಒದ್ದು ಬಿಡಿಸಿದಳು. ಮುದುಕಿ ನೋವಿಗೆ ನರಳಿದಳು, ಬೇಡವೆನ್ನಲಿಲ್ಲ. ಮಂಚವನ್ನು ಆಪರೇಷನ್ ಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸುವುದು ವೆತೂರಿಯಳ ಲೆಕ್ಕಾಚಾರ. ಒಳಗೆ ಹೋಗುವವರು ಮೊದಲು ಅವ್ವನನ್ನು ನೋಡಲಿ. ಆದರೆ ತುಕ್ಕು ಹಿಡಿದ ಗಾಲಿ ಕದಲಲಿಲ್ಲ.

ಹಳ್ಳಿಯ ಮುದುಕ ಹೆಂಡತಿಯ ಮುಖ ನೋಡಿದ. ನೆಲದಲ್ಲಿದ್ದ ಲಕೋಟೆಯನ್ನು ಎತ್ತಿ ತನ್ನ ಅಂಗಿಯೊಳಗೆ ಇಟ್ಟುಕೊಂಡ.

"ತಳ್ಳು ಮಗಾ," ಎನ್ನುತ್ತ ಮಂಚದ ಇನ್ನೊಂದು ತುದಿ ಹಿಡಿದ.