ಓಣಿಗೆಲ್ಲ ಗೊತ್ತಿದ್ದ ಪಾಸ್‌ವರ್ಡ್

ರಂಗಂಪೇಟೆಯ ಮಲ್ಲಾಬಾಯಿಗೆ ಓದು ಬರಹ ಬಾರದು. ಆದರೆ ನೆನಪು ಮಾತ್ರ ಭಾರಿ. ಯಾವ ಕುರಿ ಯಾವುದರ ಮರಿ ಎಂದು ಮೂರು ತಲೆಮಾರು ಹೇಳಬಲ್ಲಳು. ಹೀಗಾಗಿ ಆಶಾ ಕಾರ್ಯಕರ್ತೆಯಾದ ಸೊಸೆ ರೇವತಿ ತನ್ನ ಫೋನಿನಲ್ಲಿ ಓಣಿಯ ರೋಗಿಗಳ ವಿವರವಿದ್ದ ಆರೋಗ್ಯ ಆ್ಯಪ್‌ನ ಪಾಸ್‌ವರ್ಡನ್ನೂ ಅತ್ತೆಗೇ ಒಪ್ಪಿಸಿಬಿಟ್ಟಿದ್ದಳು. ಮರೆತಾಗ ಒಳಗಿನಿಂದ, "ಅತ್ತಿ, ನಂಬರ್ ಏನ್ರಿ?" ಎಂದು ಈಕೆ ಕೂಗುವುದು, ಕುರಿದೊಡ್ಡಿಯಿಂದ ಆಕೆ ಗಂಟಲು ಬಿಚ್ಚಿ ಹೇಳುವುದು. ಸೊಸೆಗೆ ತಾನು ಬೇಕಲ್ಲ ಎಂದು ಮುದುಕಿಗೆ ಎಲ್ಲಿಲ್ಲದ ಹಿಗ್ಗು.

ಒಂದು ವಾರದಿಂದ ಪಕ್ಕದ ಮನೆಯ ಅಯ್ಯಮ್ಮ ರೇವತಿ ಕೊಡುವ ಟಿಬಿ ಗುಳಿಗೆಗೆ ಬಂದಿರಲಿಲ್ಲ. ರೇವತಿ ಹೋಗಿ ಕೇಳಿದರೆ ಬಾಗಿಲಲ್ಲೇ ನಿಲ್ಲಿಸಿದಳು.

"ನಿಮ್ಮತ್ತಿ ನಂಬರ್ ಒದರಿ ಒದರಿ ಓಣಿಗೆಲ್ಲಾ ಬಾಯಿಪಾಠ ಆಗ್ಯದ. ನನ್ನ ರೋಗ ಯಾರರೆ ತಗದು ನೋಡಿದ್ರ? ಮಗಳ ಲಗ್ನದ ಮಾತು ನಡದದ. ನನ್ನ ಹೆಸರು ತಗದುಬಿಡವ್ವ, ನಿನ್ನ ಗುಳಿಗಿನೂ ಬ್ಯಾಡ."

ಆ ಗುಳಿಗೆ ಅರ್ಧಕ್ಕೆ ಬಿಟ್ಟರೆ ಜೀವಕ್ಕೇ ಕುತ್ತು. ಸಂಗತಿ ತಿಳಿದು ಮಲ್ಲಾಬಾಯಿ ಆ ದಿನ ರೊಟ್ಟಿ ಮುಟ್ಟಲಿಲ್ಲ.

ಮರುದಿನ ಆರೋಗ್ಯ ಕಚೇರಿಯಲ್ಲಿ ಕೆಲಸ ಮಾಡುವ ಪವಿತ್ರಾಳನ್ನು ರೇವತಿ ಮನೆಗೇ ಕರೆತಂದಳು.

"ಇವತ್ತಿನಿಂದ ಹಳೇ ನಂಬರ್ ನಡಿಯಂಗಿಲ್ರಿ," ಎಂದಳು ಪವಿತ್ರಾ. "ಪಾಸ್‌ವರ್ಡೇ ಬ್ಯಾಡ. ಫೋನಿನಾಗ ಒಂದು ಡಿಜಿಟಲ್ ಪ್ರಮಾಣಪತ್ರ ಹಾಕ್ತೇನಿ."

ಮಲ್ಲಾಬಾಯಿ ಹುಬ್ಬು ಗಂಟಿಕ್ಕಿದಳು. "ಬಾಗಲಕ್ಕ ಕೀಲಿನೇ ಬ್ಯಾಡ ಅಂದಂಗಾತಲ್ಲವ್ವ."

"ಕೀಲಿ ಅದರಿ. ಅದರ ಕೀಲಿಕೈ ಈ ಫೋನಿನ ಹೊಟ್ಟ್ಯಾಗೇ ಇರ್ತದ, ಹೊರಗ ಬರಂಗಿಲ್ಲ. ನೆನಪಿಡೋದಿಲ್ಲ, ಒದರೋದಿಲ್ಲ. ರೇವತಿ ಬೆರಳಿಟ್ರ ಫೋನೇ ಸಹಿ ಮಾಡಿ ಕಳಸ್ತದ. ಕಚೇರಿ ಕಂಪ್ಯೂಟರ್ ಪ್ರಮಾಣಪತ್ರ ನೋಡಿ, ಇದು ರೇವತಿ ಫೋನೇ ಅಂತ ಖಾತ್ರಿ ಮಾಡ್ಕೊಂಡು ಒಳಗ ಬಿಡ್ತದ."

"ಫೋನೇ ಕಳದ್ರ?"

"ಸಿಕ್ಕವರ ಬೆರಳಿಗೆ ತೆರಿಯಂಗಿಲ್ಲ. ನಮಗ ಹೇಳಿದ ಕೂಡ್ಲೇ ಆ ಪ್ರಮಾಣಪತ್ರ ರದ್ದು ಮಾಡ್ತೇವ್ರಿ."

ಪವಿತ್ರಾ ಪ್ರಮಾಣಪತ್ರ ಹಾಕಿ ಮುಗಿಸಿದ ಮೇಲೆ ಮಲ್ಲಾಬಾಯಿ ಸೆರಗಿಗೆ ಬೆರಳೊರೆಸಿ ಫೋನಿನ ಮೇಲೆ ಒತ್ತಿದಳು. ತೆರೆಯಲಿಲ್ಲ. ಮತ್ತೊಮ್ಮೆ ಒತ್ತಿದಳು. ಊಹೂಂ. ಇಷ್ಟು ದಿನ ತನ್ನನ್ನು ಕೇಳಿ ತೆರೆಯುತ್ತಿದ್ದ ಫೋನು ಈಗ ತನ್ನನ್ನೇ ಒಲ್ಲೆ ಎಂದಿತಲ್ಲ! ಆಕೆಗೆ ಖರೇನೇ ಕೆಡುಕೆನಿಸಿತು.

"ಇನ್ನ ನನ್ನ ಯಾಕ ಕೇಳ್ತಿ ನೀ," ಎಂದಳು ಮುಖ ಸಣ್ಣದು ಮಾಡಿ.

ರೇವತಿ ಅತ್ತೆಯ ಕೈ ಹಿಡಿದಳು. "ನಂಬರ್ ಹೇಳಾಕಷ್ಟೇ ನೀವು ಬೇಕಾಗಿದ್ರೇನ್ರಿ? ಅಯ್ಯಮ್ಮ ನನ್ನ ಮಾತು ಕೇಳವಲ್ಲಳು. ನಿಮ್ಮ ಮಾತು ಕೇಳ್ತಾಳ, ಬರ್ರಿ."

ಮಲ್ಲಾಬಾಯಿ ಸೊಸೆಯ ಜೊತೆ ಅಯ್ಯಮ್ಮನ ಮನೆಗೆ ಹೋದಳು. ಜನ್ಮದಲ್ಲೇ ಮೊದಲ ಸಲ ದನಿ ತಗ್ಗಿಸಿ ಮಾತಾಡಿದಳು.

"ತಪ್ಪು ನಂದು, ಅಯ್ಯಮ್ಮ. ಇನ್ನ ಆ ಫೋನು ನನಗೂ ತೆರಿಯಂಗಿಲ್ಲ, ಎರಡು ಸಲ ಒತ್ತಿ ನೋಡಿ ಬಂದೀನಿ. ನನ್ನ ಮಗ ಒತ್ತಿದ್ರೂ ತೆರಿಯಂಗಿಲ್ಲ. ಗುಳಿಗಿ ನುಂಗವ್ವ, ನೀ ಇರಬೇಕು."

ಅಯ್ಯಮ್ಮ ರೇವತಿಯ ಕೈಲಿದ್ದ ಗುಳಿಗೆಗೆ ಕೈ ಚಾಚಿದಳು.

ಆಶಾ ಕೆಲಸ ಮಾಡುವ ಅಕ್ಕ ತಂಗಿಯರೇ, ನಿಮ್ಮ ಕೆಲಸದ ಫೋನಿನಲ್ಲೂ ಬೇರೆಯವರ ಗುಟ್ಟು ಇದೆ. ಇಂಥ ಸೌಲಭ್ಯ ಇದೆಯೇ ಎಂದು ನಿಮ್ಮ ಕಚೇರಿಯಲ್ಲಿ ಕೇಳಿ, ಇದ್ದರೆ ಹಾಕಿಸಿಕೊಳ್ಳಿ. ಆ ಫೋನಿಗೆ ನಿಮ್ಮ ಬೆರಳೊಂದೇ ಇರಲಿ, ಮನೆಯವರದೂ ಬೇಡ. ಅದರ ಲಾಕ್ ನಂಬರ್ ಯಾರಿಗೂ ಹೇಳಬೇಡಿ. ಫೋನು ಕಳೆದುಹೋದರೆ ಅದೇ ಗಳಿಗೆಯಲ್ಲಿ ಕಚೇರಿಗೆ ತಿಳಿಸಿ. ನಿಮ್ಮನ್ನು ನಂಬಿ ತನ್ನ ರೋಗ ಹೇಳಿಕೊಂಡವಳು ಹೆದರಿ ಗುಳಿಗೆ ಬಿಡುವಂತಾಗದಿರಲಿ.