ಇಂಗ್ಲಿಷ್ ಕ್ಯಾಸೆಟ್ಟಿಗೆ ನಾನು ಅರ್ಥ ಹೇಳಿದ್ದು

ನಾನು ಇಂಗ್ಲಿಷ್ ಸಂಗೀತದ ಪ್ರೇಮಿಯಾದದ್ದು ಗಂಗಾವತಿಯಲ್ಲಿ, ಹೆಣ್ಣು ನೋಡಲು ಹೋದ ದಿನ, ಅವಲಕ್ಕಿ ತಿನ್ನುತ್ತಿದ್ದಾಗ. ಅದಕ್ಕೂ ಐದು ನಿಮಿಷ ಮೊದಲು ನನಗೆ ಅಂಥ ಪ್ರೇಮವೇನೂ ಇರಲಿಲ್ಲ. ಅಕ್ಕಿ ಗಿರಣಿಯ ಕರಿಬಸಪ್ಪನವರು, ಅಂದರೆ ನನ್ನ ಭಾವೀ ಮಾವ, "ಹ್ವಾದ ವಾರ ಬಂದ ವರ ತಬಲಾ ಭಾಳ ಛಲೋ ಬಾರಸ್ತಿದ್ದರಿ. ತಮಗೇನರ ಅಂಥಾ ಹವ್ಯಾಸ?" ಎಂದು ಕೇಳಿಬಿಟ್ಟರು. ತಬಲಾದ ಎದುರು ನಾನು ಏನಿಟ್ಟು ತೂಗಲಿ? "ನಂದು ಇಂಗ್ಲಿಷ್ ಸಂಗೀತರಿ" ಎಂದೆ. ಕುಷ್ಟಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರನಾದ್ದರಿಂದ ಯಾರೂ ಅನುಮಾನಪಡಲಿಲ್ಲ. ಶಂಕ್ರಮ್ಮನನ್ನು ನನಗೇ ಕೊಟ್ಟರು.

ನನ್ನ ರೋಗ ಇದೇ. 'ಗೊತ್ತಿಲ್ಲ' ಎಂಬ ಮಾತು ನನ್ನ ನಾಲಿಗೆಯ ಮೇಲೆ ಹುಟ್ಟುವುದೇ ಇಲ್ಲ. ಹುಡುಗರು ಯಾವುದಾದರೂ ಶಬ್ದದ ಅರ್ಥ ಕೇಳಿದರೆ, ಗೊತ್ತಿಲ್ಲದಿದ್ದರೆ ಹೆಚ್ಚು ಗಟ್ಟಿಯಾಗಿ ಹೇಳುತ್ತೇನೆ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಮ್ಮ ಸಾಲೆಯಲ್ಲಿ ಇಂಗ್ಲಿಷಿಗೆ ನಾನೇ ಕೊನೆಯ ಕೋರ್ಟು, ಮೇಲ್ಮನವಿ ಇಲ್ಲ.

ಮದುವೆಯಾದ ಮೊದಲ ಬೇಸಿಗೆಯಲ್ಲಿ ಈ ರೋಗ ಶಂಕ್ರಮ್ಮನಿಗೆ ತಾಗಿತು. ಅವಳಿಗೆ ಜ್ವರ ಬಂದು ಡಾಕ್ಟರು ಗುಳಿಗೆ ಕೊಟ್ಟಿದ್ದರು. ಡಬ್ಬಿಯೊಳಗೆ ಇರುವೆ ಸಾಲಿನಂಥ ಅಕ್ಷರಗಳ ಇಂಗ್ಲಿಷ್ ಚೀಟಿ ಇತ್ತು. "ಉಂಡ ಮ್ಯಾಲೋ, ಉಣ್ಣೂದಕ್ಕಿಂತ ಮದ್ಲೋ, ನೋಡ್ರಿ" ಎಂದಳು. ನಾನು ಚೀಟಿಯನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, "ಖಾಲಿ ಹೊಟ್ಟ್ಯಾಗ" ಎಂದು ತೀರ್ಪು ಕೊಟ್ಟೆ. ನುಂಗುವ ಮೊದಲು ಒಂದು ಸಲ ನನ್ನ ಮುಖ ನೋಡಿದಳು, ಆಮೇಲೆ ನುಂಗಿದಳು. ಮೂರು ದಿನ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡಿದಳು. ಉಂಡ ಮೇಲೆ ತೆಗೆದುಕೊಳ್ಳಬೇಕಿತ್ತು ಎಂದು ಕಾಂಪೌಂಡರು ಹೇಳಿದಾಗ ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ.

ಪಂಚಮಿಗೆ ತವರಿಗೆ ಹೋದವಳು ಮರಳಿ ಬರಲಿಲ್ಲ. ಎರಡು ವಾರವಾದ ಮೇಲೆ ಇನ್‌ಲ್ಯಾಂಡ್ ಪತ್ರ ಬಂತು. ಅದರಲ್ಲಿ ಒಂದೇ ಸಾಲು: 'ನಿಮ್ಮ ಬಾಯಿಂದ ಗೊತ್ತಿಲ್ಲ ಎಂಬ ಮಾತು ಕೇಳಿದ ದಿನ ನಾನು ಬರುತ್ತೇನೆ.' ಅಷ್ಟೇನಾ, ಹೇಳಿದರಾಯಿತು ಎಂದುಕೊಂಡು, ಶ್ರಾವಣದ ಕೊನೆಯ ಶನಿವಾರ ಕುಷ್ಟಗಿಯಲ್ಲಿ ಬಸ್ಸು ಹತ್ತಿದೆ.

ಮಾವನವರಿಗೆ ಈ ಜಗಳದ ಸುದ್ದಿ ತಿಳಿದಿರಲಿಲ್ಲ. ಅವರ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಆ ವರ್ಷ, ಅಂದರೆ ಎಂಬತ್ತಾರರಲ್ಲಿ, ಅವರು ಬಣ್ಣದ ಟಿ.ವಿ. ಮತ್ತು ವಿಡಿಯೋ ಕ್ಯಾಸೆಟ್ ಹಾಕುವ ಯಂತ್ರ ತಂದಿದ್ದರು. ಅಳಿಯ ಬರುತ್ತಾನೆಂದು ಗೊತ್ತಾದ ಕೂಡಲೇ ಕ್ಯಾಸೆಟ್ ಅಂಗಡಿಯ ಶಫೀಸಾಬನಿಗೆ ಹೇಳಿ, ಇಂಗ್ಲಿಷ್ ಸಂಗೀತದ ಕ್ಯಾಸೆಟ್ ತರಿಸಿಟ್ಟಿದ್ದರು. ಬೊಂಬಾಯಿಯಿಂದ ತಂದ ಪೆಟ್ಟಿಗೆಯಲ್ಲಿ ಅದು ಹೇಗೋ ಸೇರಿಕೊಂಡು ಬಂದಿತ್ತಂತೆ; ಎರಡು ವರ್ಷ ಯಾರೂ ಕೇಳಿರಲಿಲ್ಲ. ಡಬ್ಬಿಯ ಮೇಲೆ ನಾಲ್ವರು ಇದ್ದರು, ಉದ್ದ ಕೂದಲು, ಗಡ್ಡ, ನರೆ. ಇಪ್ಪತ್ತು ವರ್ಷದಿಂದ ಹಾಡುತ್ತಿರುವ ಹಳೆಯ ತಂಡ, ದೊಡ್ಡ ಮೈದಾನದಲ್ಲಿ ಜನರೆದುರು ಹಾಡಿದ್ದು ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅಷ್ಟು ನಾನು ಓದಬಲ್ಲೆ.

ಬಂದ ದಿನ ಶಂಕ್ರಮ್ಮ ಅಡುಗೆಮನೆ ಬಿಟ್ಟು ನನ್ನೆದುರು ಬರಲೇ ಇಲ್ಲ. ಭಾನುವಾರ ಉಂಡ ಮೇಲೆ ಪಡಸಾಲೆಗೆ ಬಂದವನು ಅಲ್ಲೇ ನಿಂತುಬಿಟ್ಟೆ. ಜಮಖಾನೆಯ ಮೇಲೆ ಓಣಿಯೇ ಕೂತಿತ್ತು. ಟಿ.ವಿ.ಗೆ ವಿಭೂತಿ ಹಚ್ಚಿ, ಹೂವಿಟ್ಟು, ಊದಿನಕಡ್ಡಿ ಸಿಗಿಸಿದ್ದರು. ಅದರ ಪಕ್ಕದಲ್ಲಿ ಒಂದು ಮಣೆ, ಮಣೆಯ ಮೇಲೆ ಮಡಿಚಿದ ಶಾಲು.

"ಶ್ರಾವಣದಾಗ ಮಠದಾಗ ಪುರಾಣ ನಡೀತೈತೆಲ್ಲರಿ, ಹಂಗ" ಎಂದು ಮಾವ ವಿವರಿಸಿದರು. "ಒಬ್ರು ಓದತಾರ, ಒಬ್ರು ಅರ್ಥ ಹೇಳತಾರ. ಇಲ್ಲೆ ಅವರು ಹಾಡತಾರ, ತಾವು ಅರ್ಥ ಹೇಳ್ರಿ. ಒಂದೊಂದು ಹಾಡು ಮುಗದ ಕೂಡ್ಲೆ ನಾ ಗುಂಡಿ ಒತ್ತಿ ನಿಲ್ಲಸ್ತೀನಿ."

ಆಗಲೇ ಹೇಳಬೇಕಿತ್ತು. ಆ ಒಂದು ಮಾತು ಹೇಳಲೆಂದೇ ನಾನು ಬಸ್ಸಿನಲ್ಲಿ ಮೂರು ತಾಸು ಕೂತು ಬಂದಿದ್ದೆ. ಆದರೆ ಮಾವ ಶಾಲು ಹೊದಿಸಿದರು, ಪಕ್ಕದ ಮನೆಯ ಪಕ್ಕೀರವ್ವ ಕೈ ಮುಗಿದಳು, ನಾನು ಮಣೆಯ ಮೇಲೆ ಕೂತೆ. ಕೂತೆನಷ್ಟೇ ಅಲ್ಲ, ಕೆಮ್ಮಿ ಗಂಟಲನ್ನೂ ಸರಿಪಡಿಸಿಕೊಂಡೆ.

ಮೊದಲ ಹಾಡು ಶುರುವಾದಾಗ ಟಿ.ವಿ.ಯ ಮೇಲಿನ ಹೂವು ಉದುರಿತು. ವೇದಿಕೆಯ ತುಂಬ ದೀಪ, ಹೊಗೆ. "ಲೋಬಾನ ಹಾಕ್ಯಾರ" ಎಂದು ಹಿಂದಿನಿಂದ ಯಾರೋ ಅಂದರು. ಮುಂದೆ ನಿಂತವನು ಕಣ್ಣು ಮುಚ್ಚಿ ಕೂಗುತ್ತಿದ್ದ. ನಾನು ಕಿವಿ ಮುಂದೆ ಮಾಡಿ ಕೇಳಿದೆ. ದೇವರಾಣೆ, ಒಂದು ಶಬ್ದವೂ ಸಿಗಲಿಲ್ಲ. ಇಂಗ್ಲಿಷ್ ಹೌದೋ ಅಲ್ಲವೋ ಎಂದೇ ಅನುಮಾನ ಬಂತು. ಮಾವ ಗುಂಡಿ ಒತ್ತಿದರು. ನಿಂತ ಚಿತ್ರದಲ್ಲಿ ಹಾಡುವವನು ಬಾಯಿ ತೆರೆದಂತೆಯೇ ನಡುಗತೊಡಗಿದ. ಎಲ್ಲರೂ ನನ್ನ ಕಡೆ ತಿರುಗಿದರು.

"ಇದು ಗುರುಸ್ತುತಿರಿ" ಎಂದೆ. "ಗುರುವಿಲ್ಲದ ವಿದ್ಯಾ ಕತ್ತಲಿದ್ದಂಗ, ಅದಕ್ಕ ಅಷ್ಟು ದೀಪ ಹಚ್ಯಾರ."

ಎಲ್ಲರೂ ತಲೆದೂಗಿದರು. ಎರಡನೆಯ ಹಾಡಿಗೆ, ಈ ದೇಹ ಬಾಡಿಗೆ ಮನೆ, ಮಾಲೀಕ ಮೇಲಿದ್ದಾನೆ ಎಂದು ಸಾರಿದೆ. "ಕೂದಲ ನರೆತಾವ ನೋಡ್ರಿ ಅವರಿಗೆ, ಅನುಭವದ ಮಾತು" ಎಂದಳು ಪಕ್ಕೀರವ್ವ. ನನಗೂ ಹುರುಪು ಬಂತು. ನಾಚಿಕೆಯ ಸಂಗತಿ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಶಂಕ್ರಮ್ಮನ ಪತ್ರವೇ ಮರೆತುಹೋಗಿತ್ತು.

ಮೂರನೆಯ ಹಾಡು ನಿಧಾನದ್ದು. ಮುದಿ ಹಾಡುಗಾರ ಒಬ್ಬನೇ ಕುರ್ಚಿಯ ಮೇಲೆ ಕೂತು, ಗಿಟಾರ್ ಮೀಟುತ್ತ, ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ ಹಾಡಿದ. ಮೈದಾನದ ಜನರೆಲ್ಲ ಕೈಯಲ್ಲಿ ಸಣ್ಣ ಸಣ್ಣ ಬೆಂಕಿ ಹಿಡಿದು ಎತ್ತಿದರು. ಗುಂಡಿ ಒತ್ತಿದ ಕೂಡಲೇ ನಾನು ಕಥೆ ಬಿಚ್ಚಿದೆ. ಒಬ್ಬ ತಾಯಿ. ಇಬ್ಬರು ಮಕ್ಕಳು. ಅಣ್ಣತಮ್ಮಂದಿರಿಗೆ ಹೊಲದ ಬದುವಿನ ಮೇಲೆ ಜಗಳವಾಗಿ ತಮ್ಮ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟ. ತಾಯಿ ಇವತ್ತಿಗೂ ಉಣ್ಣುವ ಮೊದಲು ಬಾಗಿಲಿಗೆ ಬಂದು ಹಾದಿ ನೋಡುತ್ತಾಳೆ. ನನ್ನ ದನಿ ನನಗೇ ಒಳ್ಳೆಯದೆನಿಸಿ ಕೊನೆಗೆ ಸ್ವಲ್ಪ ನಡುಗಿಸಿದೆ ಕೂಡ.

ಮಾವನವರ ಹೆಬ್ಬೆರಳು ಗುಂಡಿಯ ಮೇಲೆಯೇ ಉಳಿಯಿತು. ಮೂಲೆಯಲ್ಲಿ ಕಂಬಕ್ಕೊರಗಿ ಕೂತಿದ್ದ ಅವರ ತಾಯಿ, ವಿರೂಪಾಕ್ಷಮ್ಮ ಆಯಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಗ ನನಗೆ ನೆನಪಾಯಿತು. ಮಾವನವರಿಗೆ ಗಾದಿಲಿಂಗಪ್ಪ ಎಂಬ ತಮ್ಮನಿದ್ದ, ಹದಿಮೂರು ವರ್ಷದ ಹಿಂದೆ ಅಣ್ಣನ ಕೂಡ ಜಗಳಾಡಿ ಹೋದವನು ಪತ್ತೆಯಿಲ್ಲ ಎಂದು ಮದುವೆಯಲ್ಲಿ ಯಾರೋ ಪಿಸುಗುಟ್ಟಿದ್ದರು. ಕಟ್ಟುಕಥೆಗೂ ಸರಕು ಬೇಕಲ್ಲ. ನನ್ನ ದರಿದ್ರ ಬುದ್ಧಿ ಅದನ್ನು ಇದೇ ಮನೆಯಿಂದ ಎತ್ತಿಕೊಂಡಿತ್ತು.

"ಮಾಸ್ತರ" ಎಂದಳು ಆಯಿ. "ಆ ಹಾಡಿನ್ಯಾಗ, ಆ ಹುಡುಗ ತಿರುಗಿ ಬಂದನೇನಪಾ?"

'ಬಂದ' ಎನ್ನುವುದು ಎಷ್ಟು ಸುಲಭವಿತ್ತು. ಅದು ಬಾಯಿಯಲ್ಲೇ ಇತ್ತು. ಓಣಿಯ ಜನರೆಲ್ಲ ಅದನ್ನೇ ಕಾಯುತ್ತಿದ್ದರು, ಮಾವನವರ ಕಣ್ಣುಗಳು ನನ್ನನ್ನು ಬೇಡುತ್ತಿದ್ದವು. ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಶಂಕ್ರಮ್ಮ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಗುಳಿಗೆ ನುಂಗುವ ಮೊದಲು ನೋಡಿದ್ದಳಲ್ಲ, ಅದೇ ನೋಟ. ನನಗೆ ಭಯವಾಯಿತು, ಇನ್ನೊಬ್ಬರಿಗೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ ಕೊಡುತ್ತಿದ್ದೇನೆ ಎಂದು.

"ನನಗ ಗೊತ್ತಿಲ್ಲ ಆಯಿ" ಎಂದೆ. "ಅವ ಏನು ಹಾಡ್ಯಾನೋ ಒಂದಕ್ಷರ ತಿಳಿದಿಲ್ಲ. ಮದ್ಲಿನ ಎರಡೂ ತಿಳಿದಿಲ್ಲ. ಎಲ್ಲಾ ನಾನಽ ಕಟ್ಟಿ ಹೇಳಿದ್ದು."

ಶಾಲು ಬೆನ್ನಿಗೆ ಸುಡುತ್ತಿತ್ತು. ತೆಗೆಯುವುದೋ ಹೊದ್ದುಕೊಂಡೇ ಇರುವುದೋ ತಿಳಿಯಲಿಲ್ಲ. ಆಯಿ ಕೈ ಆಡಿಸಿದಳು.

"ಅದು ತಿಳೀತು ಬಿಡು. ಪುರಾಣ ಹೇಳೋರೂ ಎಲ್ಲಾ ಪುಸ್ತಕದಾಗಿದ್ದದ್ದೇ ಹೇಳ್ತಾರೇನು? ನಾ ಹಾಡಿಂದು ಕೇಳಲಿಲ್ಲ. ನಿನ್ನ ಕೇಳತೀನಿ. ನಮ್ಮ ಗಾದಿಲಿಂಗ ಬರ್ತಾನೇನು?"

ಮೊದಲ 'ಗೊತ್ತಿಲ್ಲ' ಹೇಳಿದಾಗ ಹೋದದ್ದು ನನ್ನ ಮಾನ ಮಾತ್ರ. ಅದು ಅಷ್ಟೇನೂ ದೊಡ್ಡ ಆಸ್ತಿಯಲ್ಲ. ಈಗ ಹೇಳಬೇಕಾದದ್ದು ಎಂಬತ್ತು ವರ್ಷದ ಮುದುಕಿಯ ಮುಖಕ್ಕೆ. ನನ್ನ ಬದುಕಿನಲ್ಲಿ ಮೊದಲ ಸಲ ಒಂದು ಸುಳ್ಳು ಯಾರಿಗಾದರೂ ಉಪಯೋಗಕ್ಕೆ ಬರುವಂತಿತ್ತು, ಆವಾಗಲೇ ಅದು ನಾಲಿಗೆಯ ಮೇಲೆ ಹುಟ್ಟಲಿಲ್ಲ.

"ಗೊತ್ತಿಲ್ಲ ಆಯಿ" ಎಂದೆ.

ಆಯಿ ಮಗನ ಕಡೆ ನೋಡಿದಳು. "ಈ ಕರಿಬಸ ವರ್ಷಾ ವರ್ಷಾ ದೀಪಾವಳಿಗೆ ಅವನ ಪತ್ರ ಬಂದೈತಿ ಅಂತ ಓದಿ ಹೇಳತಾನ. ಅದು ಗಿರಣಿ ಲೆಕ್ಕದ ಕಾಗದ ಅಂತ ನನಗ ಗೊತ್ತೈತಿ. ಓಣ್ಯಾಗಿನೋರೆಲ್ಲಾ ಬರ್ತಾನ, ಬರ್ತಾನ ಅಂತಾರ. ಹದಿಮೂರು ವರ್ಷ ಆತು, ನಾ ಒಬ್ಬಾಕಿನ ಗೊತ್ತಿಲ್ಲ ಅನಕೋತ ಕುಂತಿದ್ನಿ. ಇವತ್ತ ನನಗೊಬ್ಬ ಜೋಡಿ ಆದ."

ಮಾವ ತಲೆ ತಗ್ಗಿಸಿ ಅತ್ತರು. ಗಿರಣಿಯ ಮಾಲೀಕರು ಓಣಿಯೆದುರು ಅಳುವುದನ್ನು ನೋಡಬಾರದೆಂದು ಎಲ್ಲರೂ ಟಿ.ವಿ. ನೋಡಿದರು. ಅಲ್ಲಿ ಆ ಮುದಿ ಹಾಡುಗಾರ ಇನ್ನೂ ನಡುಗುತ್ತಲೇ ಇದ್ದ. "ಅವನ್ನ ಯಾಕ ಹಂಗ ಹಿಡದೀಯೋ, ಬಿಡು, ಪಾಪ" ಎಂದಳು ಆಯಿ. ಉಳಿದ ಕ್ಯಾಸೆಟ್ಟನ್ನು ಅರ್ಥವಿಲ್ಲದೆಯೇ ನೋಡಿದರು. ಬೇಸರದ ಸಂಗತಿಯೆಂದರೆ, ಎಲ್ಲರಿಗೂ ಅದು ನನ್ನ ವ್ಯಾಖ್ಯಾನಕ್ಕಿಂತ ಹೆಚ್ಚು ಹಿಡಿಸಿತು.

ಮರುದಿನ ಮುಂಜಾನೆ ಶಂಕ್ರಮ್ಮ ಟ್ರಂಕು ಹಿಡಿದು ನನಗಿಂತ ಮೊದಲೇ ಬಸ್‌ಸ್ಟ್ಯಾಂಡಿಗೆ ನಡೆದಳು. ಕಿಟಕಿಯ ಪಕ್ಕ ಕೂತು, ಬಸ್ಸು ಗದ್ದೆಗಳನ್ನು ದಾಟುತ್ತಿದ್ದಂತೆಯೇ ಶುರುಮಾಡಿದಳು. ಆ ಹಕ್ಕಿ ಯಾವುದು, ಆ ಗುಡ್ಡದ ಹೆಸರೇನು, ಡ್ರೈವರನ ಊರು ಯಾವುದು. ಪ್ರತಿಯೊಂದಕ್ಕೂ ನಾನು "ಗೊತ್ತಿಲ್ಲ" ಎನ್ನಬೇಕು, ಅವಳು ಸೆರಗಿನಲ್ಲಿ ನಗಬೇಕು. ತಾವರಗೇರಾ ಬರುವಷ್ಟರಲ್ಲಿ ನನ್ನಷ್ಟು ದಡ್ಡ ಆ ಬಸ್ಸಿನಲ್ಲಿ ಇನ್ನೊಬ್ಬ ಇರಲಿಲ್ಲ.

ಕುಷ್ಟಗಿ ಹತ್ತಿರವಾದಾಗ ಅವಳು ನಗುವುದನ್ನು ನಿಲ್ಲಿಸಿ ಮೆಲ್ಲಗೆ ಕೇಳಿದಳು. "ಇನ್ನ ಮುಂದ ನನಗ ಸುಳ್ಳು ಹೇಳೂದಿಲ್ಲಲ್ಲರಿ?"

ನಾನು ಎದೆಯುಬ್ಬಿಸಿ ಆಣೆ ಮಾಡಲು ಬಾಯಿ ತೆರೆದೆ, ಮತ್ತೆ ಮುಚ್ಚಿದೆ.

"ಗೊತ್ತಿಲ್ಲ" ಎಂದೆ.

ಶಂಕ್ರಮ್ಮ ನನ್ನ ಕೈ ಹಿಡಿದುಕೊಂಡಳು.